ಬಕಾರ–ಭಕಾರ ಭೇದ ಮೀಮಾಂಸೆ: ಸಿಎಂಪಿ ಎಂಬ ಉಪಕರಣಕ್ಕೆ ಭಾನುವಳ್ಳಿಯ ಭಾಷ್ಯ

ಯಾವುದೇ ಶಾಸ್ತ್ರಕ್ಕೆ ಮೊದಲು ಮಂಗಳ, ಆಮೇಲೆ ಅನುಬಂಧ ಚತುಷ್ಟಯ, ಅದಾದ ಮೇಲೆ ಜಗಳ. ಹಿರಿಯರು ಹಾಕಿಕೊಟ್ಟ ಈ ಕ್ರಮವನ್ನು ಕಂಪ್ಯೂಟರಿನವರು ಕೈಬಿಟ್ಟು ನೇರವಾಗಿ ಜಗಳಕ್ಕೇ ಇಳಿದುಬಿಡುತ್ತಾರೆ. ಪ್ರಬಂಧಕಾರನು ಹರಿಹರ ತಾಲೂಕು ಭಾನುವಳ್ಳಿಯವನು. ಅವನಿಗೆ ಅವಸರವಿಲ್ಲ.

ಮಂಗಳಕ್ಕೆ ದೂರ ಹೋಗಬೇಕಾಗಿಯೂ ಇಲ್ಲ. ಹರಿಹರದ ಹರಿಹರೇಶ್ವರ ದೇವಸ್ಥಾನವನ್ನು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ. ಗರ್ಭಗುಡಿಯ ಮೂರ್ತಿಯ ಬಲಭಾಗ ಹರ, ಎಡಭಾಗ ಹರಿ. ಗುಹಾಸುರನೆಂಬ ರಕ್ಕಸ ಹರಿಯಿಂದಲೂ ಸಾವು ಬರಬಾರದು, ಹರನಿಂದಲೂ ಸಾವು ಬರಬಾರದು ಎಂದು ವರ ಬೇಡಿದ್ದನಂತೆ. ಅರ್ಜಿ ಬರೆಯುವಾಗ ಇಬ್ಬರನ್ನೂ ಬೇರೆ ಬೇರೆ ಸಾಲಿನಲ್ಲಿ ನಮೂದಿಸಿದನೇ ಹೊರತು, ಇಬ್ಬರನ್ನೂ ಒಟ್ಟಿಗೆ ಇಟ್ಟರೆ ಏನು ಗತಿ ಎಂಬ ಕಲಮು ಸೇರಿಸಲಿಲ್ಲ. ಇಬ್ಬರೂ ಒಂದೇ ಮೈಯಾಗಿ ಬಂದು ಅವನ ಕತೆ ಮುಗಿಸಿದರು. ಎರಡನ್ನು ಪಕ್ಕಪಕ್ಕ ಇಟ್ಟು ನೋಡುವ ವಿದ್ಯೆಗೆ ಇದಕ್ಕಿಂತ ಒಪ್ಪುವ ಅಧಿದೇವತೆ ಬೇರೆಲ್ಲಿ ಸಿಕ್ಕಾನು? ಹೆಸರು ಹೇಳುವಾಗ ಹರಿ ಮುಂದೆ, ಮೂರ್ತಿಯಲ್ಲಿ ಬಲಗಡೆಯ ಮರ್ಯಾದೆ ಹರನಿಗೆ, ಎದುರು ನಿಂತ ಭಕ್ತನಿಗೆ ಎಡಬಲವೇ ಅದಲುಬದಲು. ಯಾವ ತುದಿಯಿಂದ ಓದಬೇಕು ಎಂಬ ಈ ತಕರಾರು ಯಂತ್ರಗಳಲ್ಲೂ ಉಂಟು. ಸಂಖ್ಯೆಯ ದೊಡ್ಡ ತುದಿಯನ್ನು ಮೊದಲು ಇಡುವವರು, ಸಣ್ಣ ತುದಿಯನ್ನು ಮೊದಲು ಇಡುವವರು ಎಂದು ಎರಡು ಪಂಗಡ. ಈ ಧರ್ಮಯುದ್ಧ ಸಾಕು ಮಾಡಿ ಎಂದು ಡ್ಯಾನಿ ಕೊಹೆನ್ ಎಂಬಾತ 1980ರ ಏಪ್ರಿಲ್ 1ರಂದು ಒಂದು ಮನವಿಯನ್ನೇ ಬರೆದ. ಆತ ಹರಿಹರಕ್ಕೆ ಬಂದಿದ್ದರೆ ಅಷ್ಟು ಬರೆಯುವ ಶ್ರಮ ಉಳಿಯುತ್ತಿತ್ತು.

ಇನ್ನು ಅನುಬಂಧ ಚತುಷ್ಟಯ. ವಿಷಯ: ಯೂನಿಕ್ಸ್ ಮತ್ತು ಅದರ ಸಂತಾನವಾದ ಲಿನಕ್ಸ್‌ಗಳಲ್ಲಿ, ಮೌಸು ಚಿತ್ರ ಯಾವುದೂ ಇಲ್ಲದೆ, ಕಪ್ಪು ಪರದೆಯ ಮೇಲೆ ಅಕ್ಷರ ಕುಟ್ಟಿ ಕರೆಯುವ ‘ಸಿಎಂಪಿ’ ಎಂಬ ಮೂರಕ್ಷರದ ಉಪಕರಣ. ಎರಡು ಕಡತ ಕೊಟ್ಟರೆ ಅದು ಬೈಟ್‌ಗೆ ಬೈಟ್ ತಾಳೆ ನೋಡುತ್ತದೆ. ಫೋಟೋ ಇರಲಿ, ಹಾಡು ಇರಲಿ, ಪಹಣಿಯ ಸ್ಕ್ಯಾನ್ ಪ್ರತಿ ಇರಲಿ, ಅದಕ್ಕೆ ಎಲ್ಲವೂ ಬೈಟೇ. ಅಧಿಕಾರಿ: ಶಾಸ್ತ್ರದಲ್ಲಿ ಈ ಮಾತಿಗೆ ‘ಓದಲು ಅರ್ಹನಾದವನು’ ಎಂದರ್ಥ, ತಾಲೂಕು ಕಚೇರಿಯಲ್ಲಿ ಬೇರೆ ಅರ್ಥ. ಈ ಪ್ರಬಂಧದಲ್ಲಿ ಇಬ್ಬರೂ ಬರುತ್ತಾರೆ. ಸಂಬಂಧ: ವಿಷಯಕ್ಕೂ ಭಾನುವಳ್ಳಿಗೂ ಏನು ಸಂಬಂಧ ಎಂದು ಕೇಳುವವರು ಮೂರನೆಯ ಬೈಟ್‌ವರೆಗೆ ತಾಳ್ಮೆ ಇಟ್ಟುಕೊಳ್ಳಬೇಕು. ಪ್ರಯೋಜನ: ಅದು ಕಡೆಯಲ್ಲಿ ಒಂದು ಕಿಟಕಿಯ ಮುಂದೆ ನಿಂತಾಗ ಗೊತ್ತಾಗುತ್ತದೆ.

‘ತಾಳೆ ನೋಡುವುದು’ ಎಂಬ ಮಾತಿನ ಬಗ್ಗೆ ಇಲ್ಲೇ ಹೇಳಿಬಿಡಬೇಕು. ಹಳೆಯ ಗ್ರಂಥಗಳು ತಾಳೆಗರಿಯ ಮೇಲಿದ್ದವು. ಒಂದು ಗರಿಯ ಪಕ್ಕ ಇನ್ನೊಂದು ಗರಿ ಇಟ್ಟು ಪಾಠಾಂತರ ಹುಡುಕುತ್ತಿದ್ದರು. ಆದ್ದರಿಂದ ತಾಳೆ ನೋಡುವುದು ಎಂದರೆ ಗರಿ ನೋಡುವುದೇ ಎಂದು ಪ್ರಬಂಧಕಾರನು ಸಿದ್ಧಪಡಿಸಿದ್ದಾನೆ. ನಿಘಂಟಿನಲ್ಲಿ ಇದಕ್ಕೆ ಆಧಾರ ಹುಡುಕಬಾರದು. ಪ್ರಬಂಧಕಾರನ ಉತ್ಸಾಹವೇ ಆಧಾರ.

ಇತಿಹಾಸಕ್ಕೆ ಬಂದರೆ, ಅಮೆರಿಕದ ನ್ಯೂಜೆರ್ಸಿಯ ಮರ್ರಿ ಹಿಲ್‌ನಲ್ಲಿದ್ದ ಬೆಲ್ ಲ್ಯಾಬ್ಸ್‌ನವರು 1971ರ ನವೆಂಬರ್ 3ರ ತಾರೀಕು ಹಾಕಿ ಯೂನಿಕ್ಸ್‌ನ ಮೊದಲ ಕೈಪಿಡಿ ಹೊರತಂದರು. ಸಿಎಂಪಿ ಆಗಲೇ ಅದರಲ್ಲಿತ್ತು. ಅದರ ತಮ್ಮ ‘ಡಿಫ್’ ಹುಟ್ಟಿದ್ದು 1974ರಲ್ಲಿ, ಡಗ್ಲಸ್ ಮೆಕಿಲ್‌ರಾಯ್ ಕೈಯಲ್ಲಿ. ತಮ್ಮ ಓದು ಬಲ್ಲವನು. ಸಾಲು ಸಾಲಾಗಿ ಓದಿ, ಇಲ್ಲಿ ಈ ಸಾಲು ಹೊಸದು, ಅಲ್ಲಿ ಆ ಸಾಲು ಹೋಗಿದೆ ಎಂದು ವಿವರಿಸುತ್ತಾನೆ. ಆದರೆ ಅವನಿಗೆ ಬೈನರಿ ಕಡತ ಕೊಟ್ಟು ನೋಡಿ: ‘ಎರಡೂ ಬೇರೆ’ ಎಂದಷ್ಟೇ ಹೇಳಿ ಮುಖ ತಿರುಗಿಸುತ್ತಾನೆ. ಕಡತ ಬೈನರಿಯೋ ಅಲ್ಲವೋ ಎಂದು ಪತ್ತೆ ಮಾಡಲು ಆತ ಮಾಡುವುದೇನೆಂದರೆ, ಆರಂಭದ ಭಾಗದಲ್ಲಿ ಎಲ್ಲಾದರೂ ಶೂನ್ಯ ಬೈಟ್ ಇದೆಯೇ ಎಂದು ಹುಡುಕುವುದು. ಶೂನ್ಯ ಸಿಕ್ಕಿತೋ, ಓದು ನಿಲ್ಲಿಸಿದ. ಶೂನ್ಯವನ್ನು ಸಂಪಾದನೆ ಮಾಡಬೇಕೆಂದು ಹೇಳಿದ ನಾಡಿನಲ್ಲಿ ಹುಟ್ಟಿದ್ದರೆ ಹೀಗೆ ಹೆದರುತ್ತಿರಲಿಲ್ಲ. ಅಣ್ಣ ಸಿಎಂಪಿ ಮಾತ್ರ ಓದು ಬರೆಹ ಕಲಿಯದವನು. ಅರ್ಥ ತಿಳಿಯದ್ದರಿಂದಲೇ ಯಾವ ಕಡತಕ್ಕೂ ಹೆದರುವುದಿಲ್ಲ.

ಸಿಎಂಪಿಯ ನಡತೆ ಹೀಗೆ. ಎರಡೂ ಕಡತ ಒಂದೇ ಆಗಿದ್ದರೆ ತುಟಿ ಪಿಟಕ್ಕೆನ್ನುವುದಿಲ್ಲ. ಬೇರೆಯಾಗಿದ್ದರೆ ಮೊದಲ ವ್ಯತ್ಯಾಸ ಎಷ್ಟನೆಯ ಬೈಟ್, ಎಷ್ಟನೆಯ ಸಾಲು ಎಂದು ಹೇಳಿ ಅಲ್ಲಿಗೇ ನಿಲ್ಲುತ್ತದೆ. ಒಂದು ಮೊದಲೇ ಮುಗಿದುಹೋದರೆ, ಇಂಥ ಕಡತ ಇಷ್ಟನೆಯ ಬೈಟ್ ಆದ ಮೇಲೆ ಮುಗಿಯಿತು ಎಂದು ವರದಿ ಮಾಡುತ್ತದೆ. ಪ್ರಬಂಧಕಾರನು ಒಂದು ಕಡತದಲ್ಲಿ ‘ಹರಿ’ ಎಂದೂ ಇನ್ನೊಂದರಲ್ಲಿ ‘ಹರ’ ಎಂದೂ ಬರೆದು, ಸಾಲು ಮುರಿಯದೆ ಉಳಿಸಿ, ಎರಡನ್ನೂ ಸಿಎಂಪಿಗೆ ಒಪ್ಪಿಸಿದ. ಯೂನಿಕೋಡ್‌ನ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ವರ್ಣಕ್ಕೂ, ಪ್ರತಿಯೊಂದು ಗುಡಿಸು ಕೊಂಬಿಗೂ ಮೂರು ಮೂರು ಬೈಟ್. ಹರನಿಗೆ ಆರು, ಗುಡಿಸು ಸೇರಿ ಹರಿಗೆ ಒಂಬತ್ತು. ಉತ್ತರ ಬಂತು: ‘ಹರ’ ಆರನೆಯ ಬೈಟ್‌ಗೆ ಮುಗಿಯಿತು. ಎಂದರೆ ಹರ ಇರುವಷ್ಟೂ ದೂರ ಹರಿಗೂ ಅವನಿಗೂ ಎಳ್ಳಷ್ಟೂ ಭೇದ ಕಾಣಲಿಲ್ಲ. ಭೇದವೇನಿದ್ದರೂ ಹರ ಮುಗಿದ ಮೇಲೆ ಉಳಿದ ಒಂದು ಗುಡಿಸು. ಪೋಲಾಳ್ವ ಕಲ್ಲಿನಲ್ಲಿ ಹೇಳಿದ್ದನ್ನು ಯಂತ್ರ ಎಣಿಸಿ ಹೇಳಿತು.

ಇಲ್ಲಿ ಪೂರ್ವಪಕ್ಷಿ ಎದ್ದು ನಿಲ್ಲುತ್ತಾನೆ. ಶಾಸ್ತ್ರದಲ್ಲಿ ಪೂರ್ವಪಕ್ಷಿಗೆ ಹೆಸರಿರುವುದಿಲ್ಲ. ನಮ್ಮವನು ಹರಿಹರದ ಯಂತ್ರಪುರದಲ್ಲಿ ಬಹಳ ವರ್ಷ ಫಿಟ್ಟರ್ ಆಗಿದ್ದವನು, ಈಗ ಬಸ್‌ಸ್ಟ್ಯಾಂಡಿನ ಹತ್ತಿರ ಚಹಾ ಕುಡಿಯುತ್ತಾ ಕೂರುವವನು. ಅವನ ಆಕ್ಷೇಪ ಇದು: “ಇದರಾಗ ಹೊಸಾದು ಏನೈತ್ರಿ? ನಮ್ಮ ಕಿರ್ಲೋಸ್ಕರ್‌ನಾಗ ಗೇಜು ಅಂತಿದ್ದಿಲ್ಲೇನು?”

ಆಕ್ಷೇಪಕ್ಕೆ ತೂಕವಿದೆ. ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಹರಿಹರದಲ್ಲಿ 1941ರಲ್ಲಿ ಶುರುವಾಯಿತು. ಅಲ್ಲಿಯ ಲೇತುಗಳು ದೇಶದ ವರ್ಕ್‌ಶಾಪುಗಳಲ್ಲೆಲ್ಲ ತಿರುಗಿದವು. ತೂತು ಸರಿಯಾದ ಅಳತೆಗೆ ಬಂದಿದೆಯೇ ಎಂದು ನೋಡಲು ಗೋ–ನೋಗೋ ಗೇಜು ಎಂಬ ಸಣ್ಣ ಉಕ್ಕಿನ ತುಂಡು ಇರುತ್ತದೆ. ಒಂದು ತುದಿ ತೂತಿನೊಳಗೆ ಹೋಗಬೇಕು, ಇನ್ನೊಂದು ತುದಿ ಹೋಗಬಾರದು. ಎಷ್ಟು ದೊಡ್ಡದಾಯಿತು, ಯಾಕಾಯಿತು, ಯಾರ ಪಾಳಿಯಲ್ಲಾಯಿತು ಎಂಬುದನ್ನು ಗೇಜು ಹೇಳುವುದಿಲ್ಲ. ಸಿಎಂಪಿಗೆ ‘ಮೈನಸ್ ಎಸ್’ ಎಂಬ ಮೌನವ್ರತದ ಗುಂಡಿ ಒತ್ತಿದರೆ ಅದೂ ಅಷ್ಟೇ. ಪರದೆಯ ಮೇಲೆ ಏನನ್ನೂ ಬರೆಯದೆ ಒಂದು ಅಂಕಿಯನ್ನು ಮಾತ್ರ ಒಳಗಿಂದೊಳಗೆ ದಾಟಿಸುತ್ತದೆ: ಒಂದೇ ಆಗಿದ್ದರೆ 0, ಬೇರೆಯಾಗಿದ್ದರೆ 1, ಕಡತವೇ ಸಿಗದೆ ಫಜೀತಿಯಾದರೆ 2. ಪೂರ್ವಪಕ್ಷಿಯ ಮಾತನ್ನು ಒಪ್ಪಲಾಗಿದೆ, ಚಹಾದ ದುಡ್ಡನ್ನು ಪ್ರಬಂಧಕಾರನೇ ಕೊಟ್ಟಿದ್ದಾನೆ.

ಈ 0, 1, 2 ದಾರ್ಶನಿಕರಿಗೆ ಎಷ್ಟು ದೊಡ್ಡ ಹಬ್ಬ! ಅಭೇದಕ್ಕೆ ಸೊನ್ನೆ, ಭೇದಕ್ಕೆ ಒಂದು. ಶಂಕರರ ಕಡೆಯವರು ಸೊನ್ನೆ ಬಂದ ಕೂಡಲೆ ಚಪ್ಪಾಳೆ ತಟ್ಟುತ್ತಾರೆ. ಮಧ್ವಾಚಾರ್ಯರ ಕಡೆಯವರಿಗೆ ಒಂದು ಸಾಲದು. ಅವರಲ್ಲಿ ಪಂಚಭೇದ, ಸಿಎಂಪಿ ನೋಡಿದರೆ ಮೊದಲ ಭೇದ ಕಂಡ ಕೂಡಲೆ ಅಂಗಡಿ ಮುಚ್ಚುತ್ತದೆ. ಅಂಥವರಿಗಾಗಿಯೇ ‘ಮೈನಸ್ ಎಲ್’ ಎಂಬ ಆಯ್ಕೆ ಇದೆ. ಅದನ್ನು ಹಾಕಿದರೆ ಇರುವ ಭೇದಗಳನ್ನೆಲ್ಲ ಒಂದೂ ಬಿಡದೆ ಪಟ್ಟಿ ಮಾಡುತ್ತದೆ. ದಾವಣಗೆರೆ ಕಡೆಯ ಮದುವೆಗಳಲ್ಲಿ ಇದರ ಪ್ರಯೋಗವನ್ನು ಕಣ್ಣಾರೆ ಕಾಣಬಹುದು. ಹೆಣ್ಣಿನ ಕಡೆಯ ಹಿರಿಯರು ಊಟದಲ್ಲಿ ಮೊದಲು ಕಂಡ ಕುಂದು ಹೇಳಿ ಸುಮ್ಮನಾಗುತ್ತಾರೆ, ಅದು ಸಾದಾ ಸಿಎಂಪಿ. ಬೀಗರು ಮೈನಸ್ ಎಲ್. ಉಪ್ಪಿನಕಾಯಿಯಿಂದ ಹಿಡಿದು ತಾಂಬೂಲದ ಸುಣ್ಣದವರೆಗೆ ಎಷ್ಟನೆಯ ಎಲೆಯಲ್ಲಿ ಏನು ಕಮ್ಮಿಯಾಗಿತ್ತು ಎಂದು ಮೂರು ವರ್ಷವಾದರೂ ಕ್ರಮ ತಪ್ಪದೆ ಹೇಳುತ್ತಾರೆ. ಮಾತನ್ನೇ ಆಡದೆ ಎದ್ದು ಹೋಗುವ ಸೋದರಮಾವ ಮೈನಸ್ ಎಸ್. ಅವನೇ ಎಲ್ಲರಿಗಿಂತ ಅಪಾಯ.

ಪಟ್ಟಿ ಕೊಡುವಾಗ ಸಿಎಂಪಿ ಬೈಟ್‌ನ ಸ್ಥಾನವನ್ನು ನಮ್ಮ ನಿಮ್ಮ ದಶಮಾನದಲ್ಲಿ ಹೇಳುತ್ತದೆ, ಬೈಟ್‌ನ ಬೆಲೆಯನ್ನು ಮಾತ್ರ ಎಂಟರ ಲೆಕ್ಕದಲ್ಲಿ ಹೇಳುತ್ತದೆ. ಉಳಿದ ಕಂಪ್ಯೂಟರ್ ಲೋಕ ಈಗ ಹದಿನಾರರ ಲೆಕ್ಕಕ್ಕೆ ಒಗ್ಗಿಹೋಗಿದೆ. ನಮ್ಮ ಹಿರಿಯರು ಪೂರಾ ನಿಜಕ್ಕೆ ಹದಿನಾರಾಣೆ ನಿಜ ಎನ್ನುತ್ತಿದ್ದರು. ಆ ಪ್ರಕಾರ ಸಿಎಂಪಿ ಹೇಳುವುದು ಎಂಟಾಣೆ ನಿಜ. ಎಣಿಕೆಯನ್ನೂ ಅದು ಒಂದರಿಂದ ಶುರು ಮಾಡುತ್ತದೆ, ಪ್ರೋಗ್ರಾಮರುಗಳ ಹಾಗೆ ಸೊನ್ನೆಯಿಂದಲ್ಲ. ಭತ್ತದ ಚೀಲ ಎಣಿಸುವ ಹಮಾಲರೂ ಒಂದರಿಂದಲೇ ಶುರು ಮಾಡುವುದು. ಸೊನ್ನೆಯನೇ ಚೀಲ ಎಂದು ಕೂಗುವ ಹಮಾಲನನ್ನು ಪ್ರಬಂಧಕಾರನು ಇದುವರೆಗೆ ಕಂಡಿಲ್ಲ.

ಈಗ ಮೂರನೆಯ ಬೈಟ್.

ನಮ್ಮ ಊರು ಕಾಗದದಲ್ಲಿ ಭಾನುವಳ್ಳಿ, ಬಾಯಲ್ಲಿ ಬಾನುವಳ್ಳಿ. ಭ ಎಂದು ಉಚ್ಚರಿಸಲು ಹೊಟ್ಟೆಯಿಂದ ಉಸಿರು ತರಬೇಕು. ಗದ್ದೆಯಿಂದ ಬಂದವನಿಗೆ ಆ ಉಸಿರು ಬೇರೆ ಕೆಲಸಕ್ಕೆ ಬೇಕಾಗಿರುತ್ತದೆ. ನಮ್ಮಲ್ಲಿ ಬೆಳೆಯುವುದು ಭತ್ತ, ಬಾಯಲ್ಲಿ ಬತ್ತ. ನೀರು ಬರಬೇಕಾದ್ದು ಭದ್ರಾ ನಾಲೆಯಿಂದ, ಬಾಯಲ್ಲಿ ಬದ್ರಾ ನಾಲೆ. ದಾವಣಗೆರೆಯಲ್ಲಿ ಮಂಡಕ್ಕಿ ಹುರಿಯುವುದು ಭಟ್ಟಿಯಲ್ಲಿ, ಬಾಯಲ್ಲಿ ಬಟ್ಟಿ. ಒಂದು ಸೀಮೆಯ ಬದುಕೆಲ್ಲ ಭಕಾರದ ಮೇಲೆ ನಿಂತಿದ್ದು, ಆ ಸೀಮೆಯಲ್ಲಿ ಒಬ್ಬನೂ ಭಕಾರ ಉಚ್ಚರಿಸದಿರುವುದು ಭಾಷಾಶಾಸ್ತ್ರದ ಅದ್ಭುತಗಳಲ್ಲಿ ಒಂದು. ಮಹಾಪ್ರಾಣ ಕನ್ನಡಿಗರ ಬಾಯಲ್ಲಿಲ್ಲ, ಬರೆಹದಲ್ಲೂ ಬೇಕಿಲ್ಲ ಎಂದು ವಾದಿಸಿ ಆ ವಾದದಂತೆಯೇ ಪುಸ್ತಕಗಳನ್ನೂ ಬರೆದ ಡಿ.ಎನ್. ಶಂಕರ ಭಟ್ಟರಿಗೆ ನಮ್ಮೂರು ಇಡಿಯಾಗಿ ಸಾಕ್ಷಿ ಹೇಳಬಲ್ಲದು. ಅವರ ಅಡ್ಡಹೆಸರಿನಲ್ಲೇ ಒಂದು ಭಕಾರ ಇರುವುದು ಬೇರೆ ಮಾತು.

ಅರ್ಥದಲ್ಲಿ ಎರಡಕ್ಕೂ ಬಾನು–ಭೂಮಿಯಷ್ಟು ಅಂತರ. ತಪ್ಪಾಯಿತು, ಬಾನು–ಭಾನುವಿನಷ್ಟು. ಬಾನು ಅಚ್ಚಗನ್ನಡದ ಆಕಾಶ, ಬಾನುಲಿಯಲ್ಲಿ ಇರುವ ಬಾನು. ಭಾನು ಸಂಸ್ಕೃತದ ಸೂರ್ಯ. ಕಾಗದದಲ್ಲಿ ನಾವು ಸೂರ್ಯನ ಊರಿನವರು, ಮಾತಿನಲ್ಲಿ ಆಕಾಶದ ಊರಿನವರು. ಸೂರ್ಯ ನಮ್ಮಿಂದ ಸುಮಾರು 15 ಕೋಟಿ ಕಿಲೋಮೀಟರ್ ದೂರ. ಬಕಾರಕ್ಕೂ ಭಕಾರಕ್ಕೂ ಎಷ್ಟು ದೂರ?

ಪ್ರಬಂಧಕಾರನು ಎರಡು ಕಡತ ಮಾಡಿದ. ಒಂದರಲ್ಲಿ ‘ಬಾನುವಳ್ಳಿ’, ಇನ್ನೊಂದರಲ್ಲಿ ‘ಭಾನುವಳ್ಳಿ’. ಒಂಬತ್ತು ವರ್ಣ, 27 ಬೈಟ್, ಎರಡಕ್ಕೂ. ಮೈನಸ್ ಎಲ್ ಹಾಕಿ ಸಿಎಂಪಿಯನ್ನು ಓಡಿಸಿದಾಗ ಒಂದೇ ಒಂದು ಸಾಲು ಬಂತು:

3 254 255

ಮೂರನೆಯ ಬೈಟ್, ಇದರಲ್ಲಿ 254, ಅದರಲ್ಲಿ 255. ಎಂಟಾಣೆ ಲೆಕ್ಕದ ಈ ಅಂಕಿಗಳನ್ನು ದಶಮಾನಕ್ಕೆ ತಂದರೆ 172 ಮತ್ತು 173. ಬಿಟ್‌ಗಳಾಗಿ ಬಿಡಿಸಿದರೆ 10101100 ಮತ್ತು 10101101. ಕೊನೆಯ ಬಿಟ್ ಒಂದರಲ್ಲಿ ಆರಿದೆ, ಇನ್ನೊಂದರಲ್ಲಿ ಹೊತ್ತಿದೆ. ಇಡೀ ಭಾನುವಳ್ಳಿಗೂ ಬಾನುವಳ್ಳಿಗೂ ಇರುವ ಭೇದ 216 ಬಿಟ್‌ಗಳಲ್ಲಿ ಒಂದು ಬಿಟ್. ಒಂದು ಸ್ವಿಚ್ಚು ಹಾಕಿದರೆ ಆಕಾಶದಲ್ಲಿ ಸೂರ್ಯ ಮೂಡುತ್ತಾನೆ, ತೆಗೆದರೆ ಬರೀ ಆಕಾಶ.

ಎಲ್ಲ ಮಹಾಪ್ರಾಣಗಳೂ ಇಷ್ಟು ಅಗ್ಗವಲ್ಲ ಎಂಬುದನ್ನು ಪ್ರಬಂಧಕಾರನು ಒಂದು ರಾತ್ರಿ ಕರೆಂಟು ಹೋಗುವವರೆಗೆ ಕೂತು ಕಂಡುಹಿಡಿದ. ಚ–ಛ, ಜ–ಝ, ತ–ಥ, ದ–ಧ, ಪ–ಫ, ಬ–ಭ, ಈ ಆರು ಜೋಡಿಗಳಿಗೆ ತಲಾ ಒಂದೇ ಬಿಟ್ ಸಾಕು. ಕ ಹೋಗಿ ಖ ಆಗಲು ಎರಡು, ಡ ಹೋಗಿ ಢ ಆಗಲೂ ಎರಡು. ಗಕಾರ ಘಕಾರವಾಗಲು ನಾಲ್ಕು ಬಿಟ್ ಮಗುಚಬೇಕು. ಟಕಾರದಿಂದ ಠಕಾರಕ್ಕೆ ಆರು! ‘ಠಾಣೆ’ಗೆ ಹೋಗುವುದು ಕಷ್ಟ ಎಂದು ಊರಿನವರು ಹೇಳುವುದರಲ್ಲಿ ಇಂಥ ತಾಂತ್ರಿಕ ಕಾರಣ ಇದ್ದೀತೆಂದು ಯಾರೂ ಊಹಿಸಿರಲಿಲ್ಲ.

ಇನ್ನೊಂದು ಶೋಧವನ್ನು ಹೇಳದಿದ್ದರೆ ಪ್ರಬಂಧಕಾರನಿಗೆ ನಿದ್ದೆ ಬಾರದು. ಯೂನಿಕೋಡ್‌ನ ಕನ್ನಡ ಸಾಲಿನಲ್ಲಿ ನಕಾರಕ್ಕೂ ಪಕಾರಕ್ಕೂ ನಡುವೆ ಒಂದು ಕುರ್ಚಿ ಖಾಲಿ ಇದೆ. ಭಾರತದ ಲಿಪಿಗಳನ್ನೆಲ್ಲ ಒಂದೇ ಮಾದರಿಯ ಪಂಕ್ತಿಯಲ್ಲಿ ಕೂರಿಸಿದ್ದರಿಂದ ಹೀಗಾಯಿತು. ತಮಿಳಿನ ಸಾಲಿನಲ್ಲಿ ಅದೇ ಜಾಗದಲ್ಲಿ ಅವರ ಎರಡನೆಯ ನಕಾರ ಕೂತಿದೆ. ನಮಗೆ ಅಂಥ ಅಕ್ಷರವಿಲ್ಲ, ಎಲೆ ಹಾಸಿದೆ, ಉಣ್ಣುವವನಿಲ್ಲ. ಆ ಕುರ್ಚಿ ಇರದಿದ್ದರೆ ಪಫಬಭಮ ಎಲ್ಲ ಒಂದೊಂದು ಸ್ಥಾನ ಹಿಂದೆ ಸರಿದು, ಬಕಾರಕ್ಕೂ ಭಕಾರಕ್ಕೂ ಮೂರು ಬಿಟ್ ಅಂತರ ಬೀಳುತ್ತಿತ್ತು. ಭಾನುವಳ್ಳಿ ಬಾನಿಗೆ ಇಷ್ಟು ಹತ್ತಿರ ಇರುವುದಕ್ಕೆ ತಮಿಳಿನ ಒಂದು ನಕಾರಕ್ಕಾಗಿ ಕಾದಿರಿಸಿದ ಜಾಗ ಕಾರಣ. ಎರಡು ರಾಜ್ಯಗಳ ನಡುವೆ ನೀರಿನ ಮಾತುಕತೆ ನಡೆಯುವಾಗ ಈ ಉಪಕಾರವನ್ನು ಯಾರೂ ನೆನೆದಂತಿಲ್ಲ.

ಕನ್ನಡದಲ್ಲಿ ಭಕಾರದ ಇತಿಹಾಸ ಯೂನಿಕೋಡ್‌ನಿಂದ ಶುರುವಾಗಿದ್ದೂ ಅಲ್ಲ. ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರು ಸ್ಲೇಟು ನೋಡಿ “ಹೊಟ್ಟೆ ಸೀಳಲೇ” ಎನ್ನುತ್ತಿದ್ದರು. ಅಕ್ಷರದ ಕೆಳಗೆ ಒಂದು ಪುಟ್ಟ ಗೀರು ಎಳೆದರೆ ಅದು ಮಹಾಪ್ರಾಣ. ಈ ಬೋಧನೆಯನ್ನು ಅಕ್ಷರಶಃ ಪಾಲಿಸಿದ್ದು ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದ ಹಳೆಯ ಫಾಂಟು. ಅದರಲ್ಲಿ ಅಕ್ಷರಕ್ಕೆ ಸಂಕೇತವಿಲ್ಲ, ಅಕ್ಷರದ ತುಂಡುಗಳಿಗೆ ಸಂಕೇತ. ತಲಕಟ್ಟು ಒಂದು ಬೈಟ್, ಒತ್ತು ಒಂದು ಬೈಟ್, ಹೊಟ್ಟೆ ಸೀಳುವ ಗೀರಿಗೂ ಒಂದು ಬೈಟ್. ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಆ ಕಡತ ತೆರೆದರೆ ಗೀರು ಇರಬೇಕಾದಲ್ಲಿ ಇಂಗ್ಲಿಷಿನ ಸಣ್ಣ ಎಸ್ ಕಾಣುತ್ತದೆ. ಮೇಷ್ಟ್ರ ಗೀರು ಹಾವಿನ ಹಾಗೆ ಹೊರಳಿದೆ.

ಇದರಿಂದ ಆಗುವ ಅನಾಹುತ ದೊಡ್ಡದು. ಯೂನಿಕೋಡ್‌ನಲ್ಲಿ ಭ ಎಂದರೆ ಬಕಾರದ ಜಾಗದಲ್ಲಿ ಬೇರೆ ಅಕ್ಷರ. ನುಡಿಯಲ್ಲಿ ಭ ಎಂದರೆ ಬಕಾರದ ಪಕ್ಕ ಹೊಸದಾಗಿ ಬಂದು ಕೂತ ಒಂದು ಬೈಟ್. ಮದುವೆ ಊಟದ ಪಂಕ್ತಿಯಲ್ಲಿ ಎಲ್ಲರೂ ಕೂತಾದ ಮೇಲೆ ಎರಡನೆಯ ಎಲೆಗೆ ಒಬ್ಬ ತೂರಿಕೊಂಡ ಎಂದುಕೊಳ್ಳಿ. ಮುಂದಿನವರೆಲ್ಲ ಒಂದೊಂದು ಎಲೆ ಸರಿಯುತ್ತಾರೆ. ಊಟಕ್ಕೆ ಬಂದವರು ಅವರೇ, ಆದರೆ ಎಲೆಯ ಲೆಕ್ಕದಲ್ಲಿ ನೋಡುವ ಸಿಎಂಪಿಗೆ ಎರಡನೆಯ ಎಲೆಯಿಂದ ಮುಂದೆ ಒಬ್ಬನೂ ತನ್ನ ಜಾಗದಲ್ಲಿಲ್ಲ. ನುಡಿಯ ಬಾನುವಳ್ಳಿಯನ್ನು ನುಡಿಯ ಭಾನುವಳ್ಳಿಯ ಪಕ್ಕ ಇಟ್ಟರೆ ಎರಡನೆಯ ಬೈಟ್‌ನಿಂದ ಆಚೆ ಒಂದೂ ಕೂಡುವುದಿಲ್ಲ. ತಮ್ಮ ಡಿಫ್ ಇಂಥಲ್ಲಿ ಸರಿದದ್ದನ್ನು ಗುರುತಿಸಿ ಜೋಡಿಸಿಕೊಳ್ಳುತ್ತಾನೆ, ಆದರೆ ಅವನ ನೋಟ ಸಾಲಿನಿಂದ ಸಾಲಿಗೆ. ಅಣ್ಣನಿಗೆ ಜೋಡಿಸಿಕೊಳ್ಳುವ ಬುದ್ಧಿಯಿಲ್ಲ, ನಾವೇ ಹೇಳಬೇಕು. ‘ಶ್ರೀ ಭಾನುವಳ್ಳಿ’ ಎಂದು ಯಾರಾದರೂ ಗೌರವ ಸೇರಿಸಿದ್ದರೆ ‘ಮೈನಸ್ ಐ’ ಹಾಕಿ, ಆ ಕಡತದ ಮೊದಲ ಹದಿಮೂರು ಬೈಟ್ ಬಿಟ್ಟು ನೋಡು ಎಂದರೆ ನೋಡುತ್ತದೆ. ಶ್ರೀಕಾರಕ್ಕೆ ಹನ್ನೆರಡು, ಅದರ ಪಕ್ಕದ ಖಾಲಿ ಜಾಗಕ್ಕೆ ಒಂದು. ಗೌರವದ ತೂಕ ಹದಿಮೂರು ಬೈಟ್ ಎಂದು ಇಷ್ಟು ನಿಖರವಾಗಿ ಹೇಳುವ ಶಾಸ್ತ್ರ ಇನ್ನೊಂದಿಲ್ಲ.

ಭೇದವಿದ್ದೂ ಕಣ್ಣಿಗೆ ಕಾಣದ ಪ್ರಸಂಗ ಇದಕ್ಕಿಂತ ಕಠಿಣ. ಉದಾಹರಣೆಗೆ ದಾವಣಗೆರೆಗೇ ಹೋಗಬೇಕು, ಖಾಲಿ ಹೊಟ್ಟೆಯಲ್ಲಿ. ಬೆಣ್ಣೆ ದೋಸೆಯ ‘ದೋಸೆ’ಯನ್ನು ಯೂನಿಕೋಡ್‌ನಲ್ಲಿ ಎರಡು ಬಗೆಯಲ್ಲಿ ಹುಯ್ಯಬಹುದು. ದಕಾರಕ್ಕೆ ಓತ್ವವನ್ನು ಒಂದೇ ಸೌಟಿನಲ್ಲಿ ಹಾಕಿದರೆ ದೋಸೆಗೆ 12 ಬೈಟ್. ಅದೇ ಓತ್ವವನ್ನು ಎತ್ವ, ಕೊಂಬಿನ ದೀರ್ಘ, ಕೊನೆಗೊಂದು ದೀರ್ಘ ಎಂದು ಮೂರು ಸಲ ಹಾಕಿದರೆ 18 ಬೈಟ್. ಪರದೆಯ ಮೇಲೆ ಎರಡೂ ಒಂದೇ ದೋಸೆ. ಯೂನಿಕೋಡ್‌ನ ನಿಯಮವೂ ಎರಡು ಸಮಾನ ಎಂದೇ ಹೇಳುತ್ತದೆ. ಸಿಎಂಪಿ ಮಾತ್ರ ಆರನೆಯ ಬೈಟ್‌ನಲ್ಲಿ ತಟ್ಟೆ ದೂಡಿ, ‘ಇದು ಆ ದೋಸೆಯಲ್ಲ’ ಎನ್ನುತ್ತದೆ. ಪೂರ್ವಪಕ್ಷಿಯನ್ನು ಕೇಳಲಾಗಿ, “ಬೆಣ್ಣಿ ಎಷ್ಟು ಹಾಕ್ಯಾನ ಅದನ್ನ ಹೇಳ್ರಿ ಮೊದಲ” ಎಂದ. ಬೆಣ್ಣೆಯ ಬಗ್ಗೆ ಸಿಎಂಪಿಯಲ್ಲಿ ಯಾವ ಆಯ್ಕೆಯೂ ಇಲ್ಲ. ಉಪಕರಣದ ಪರಿಮಿತಿಯನ್ನು ಒಪ್ಪಿಕೊಳ್ಳುವುದು ಶಾಸ್ತ್ರಕಾರನ ಕರ್ತವ್ಯ.

ಕಡತ ಮೊದಲೇ ಮುಗಿಯುವ ಪ್ರಸಂಗವನ್ನು ನಮ್ಮ ತಾಲೂಕಿನವರಿಗೆ ವಿವರಿಸಬೇಕಾಗಿಲ್ಲ. ಭದ್ರಾ ಜಲಾಶಯ ಲಕ್ಕವಳ್ಳಿಯಲ್ಲಿ, ಹರಿಹರ ತಾಲೂಕು ಅಚ್ಚುಕಟ್ಟಿನ ಕೊನೆ ಭಾಗದಲ್ಲಿ. ಮೇಲಿನ ಕಡತದಲ್ಲಿ ನೀರು ಬಿಟ್ಟ ತಾರೀಕಿದೆ, ಇಷ್ಟು ದಿನ ಬಿಟ್ಟೆವು ಎಂಬ ಲೆಕ್ಕವಿದೆ. ಕೆಳಗಿನ ಗದ್ದೆಯ ಕಡತ ನಡುದಾರಿಯಲ್ಲೆಲ್ಲೋ ಮುಗಿದುಹೋಗಿರುತ್ತದೆ. ಬೇಸಿಗೆ ಬೆಳೆಗೆ ನಾಲೆಯ ಏರಿಯ ಮೇಲೆ ಧರಣಿ ಕೂತ ರೈತರು ಕೇಳುವುದು ಇದೊಂದನ್ನೇ: ಯಾವ ಬೈಟ್‌ಗೆ ಮುಗಿಯಿತು? ಸಿಎಂಪಿ ಕೇಳದೆಯೇ ಹೇಳುತ್ತದೆ. ನೀರಾವರಿಯಲ್ಲಿ ಅದಕ್ಕೊಂದು ಸಭೆ ಕರೆಯಬೇಕಾಗುತ್ತದೆ.

ಇಷ್ಟಾಯಿತು. ಇನ್ನು ಪ್ರಯೋಜನ.

ಪ್ರಬಂಧಕಾರನಿಗೆ ಒಂದು ಕಚೇರಿಯಲ್ಲಿ ಕೆಲಸವಿತ್ತು. ಯಾವ ಕಚೇರಿ ಎಂಬುದು ಶಾಸ್ತ್ರಕ್ಕೆ ಅಪ್ರಸ್ತುತ. ಕಿಟಕಿಯ ಒಳಗಿದ್ದವರು ಎರಡು ಕಾಗದಗಳನ್ನು ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು.

“ಯಜಮಾನ್ರೇ, ಇವೆರಡೂ ತಾಳೆ ಆಗ್ತಿಲ್ರಿ. ಇದರಾಗ ಭಾನುವಳ್ಳಿ ಐತಿ, ಇದರಾಗ ಬಾನುವಳ್ಳಿ ಐತಿ.”

ಪ್ರಬಂಧಕಾರನಿಗೆ ಕಣ್ಣಲ್ಲಿ ನೀರು ಬಂತು. ಭಕಾರವನ್ನು ಹೊಟ್ಟೆಯಿಂದ ಉಸಿರೆತ್ತಿ ಉಚ್ಚರಿಸಿದ ಮನುಷ್ಯನನ್ನು ನಮ್ಮ ಸೀಮೆಯಲ್ಲಿ ಆತ ಮೊದಲ ಸಲ ಕಂಡದ್ದು. ಜೇಬಿನಿಂದ ಸಿಎಂಪಿಯ ಮುದ್ರಿತ ಪ್ರತಿ ತೆಗೆದು ಕಿಟಕಿಯೊಳಗೆ ದೂಡಿದ: 3 254 255.

“ಏನಿದು?”

“ವ್ಯತ್ಯಾಸ ಸ್ವಾಮಿ. 216 ಬಿಟ್‌ನಾಗ ಒಂದು ಬಿಟ್. ಅದೂ ಕೊನೇದು.”

ಅವರು ಕಾಗದವನ್ನು ತಿರುಗಿಸಿ ಹಿಂದೆ ನೋಡಿದರು. “ಸೀಲ್ ಎಲ್ಲೈತ್ರಿ ಇದಕ್ಕ?”

ಸೀಲ್ ಇರಲಿಲ್ಲ. ಸಿಎಂಪಿಗೆ ಇಷ್ಟೆಲ್ಲ ಆಯ್ಕೆಗಳನ್ನು ಕೊಟ್ಟ ಬೆಲ್ ಲ್ಯಾಬ್ಸ್‌ನವರೂ ಅವರ ನಂತರದವರೂ ಸೀಲಿನ ವಿಷಯ ಯೋಚಿಸಿಯೇ ಇಲ್ಲ. “ಎರಡೂ ಒಂದೇ ಊರು ಅಂತ ಛಾಪಾ ಕಾಗದದ ಮ್ಯಾಲೆ ಅಫಿಡವಿಟ್ ಮಾಡ್ಸಿ, ನೋಟರಿ ಹಾಕ್ಸಿ ತೊಗೊಂಬರ್ರಿ” ಎಂದರು. ಛಾಪಾ ಎಂದರು, ಚಾಪಾ ಎನ್ನಲಿಲ್ಲ. ಎಷ್ಟು ಕಲಿತ ಮನುಷ್ಯ!

ಹೊರಗೆ ಟೈಪಿಂಗ್ ಅಂಗಡಿಯ ಹುಡುಗನಿಗೆ ಪ್ರಬಂಧಕಾರನು ನಿಧಾನವಾಗಿ ಹೇಳಿ ಬರೆಸಿದ. ಮೊದಲನೆಯದು ಸಾದಾ ಬ, ಎರಡನೆಯದು ಹೊಟ್ಟೆ ಸೀಳಿದ ಭ. ಹುಡುಗ ತಲೆಯಾಡಿಸುತ್ತಾ, ಫೋನಿನಲ್ಲಿ ಯಾರ ಜೊತೆಗೋ ಮಾತಾಡುತ್ತಾ, ಹತ್ತು ನಿಮಿಷದಲ್ಲಿ ಟೈಪು ಮುಗಿಸಿದ. ನೋಟರಿಯವರು ಓದದೆ ಸೀಲ್ ಒತ್ತಿದರು. ಕಿಟಕಿಯವರು ಸೀಲ್ ನೋಡಿದರು, ಸಹಿ ನೋಡಿದರು, ಕಾಗದವನ್ನು ಬೆಳಕಿಗೆ ಹಿಡಿದು ನೋಡಿದರು. “ಈಗ ತಾಳೆ ಆತು ನೋಡ್ರಿ” ಎಂದು ಅರ್ಜಿ ತೆಗೆದುಕೊಂಡರು.

ಹುಡುಗ ಕಡತವನ್ನು ಪೆನ್‌ಡ್ರೈವಿಗೂ ಹಾಕಿಕೊಟ್ಟಿದ್ದ. ರಾತ್ರಿ ಮನೆಯಲ್ಲಿ ತೆರೆದು ಓದಿದರೆ ಹೀಗಿತ್ತು: ‘ಬಾನುವಳ್ಳಿ ಮತ್ತು ಬಾನುವಳ್ಳಿ ಎಂಬ ಈ ಎರಡೂ ಹೆಸರುಗಳು ಒಂದೇ ಗ್ರಾಮವನ್ನು ಸೂಚಿಸುತ್ತವೆ ಎಂದು ಈ ಮೂಲಕ ಪ್ರಮಾಣೀಕರಿಸುತ್ತೇನೆ.’

ಪ್ರಬಂಧಕಾರನು ಆ ಎರಡು ಹೆಸರುಗಳನ್ನು ಕತ್ತರಿಸಿ ಎರಡು ಕಡತಗಳಲ್ಲಿ ಇಟ್ಟು, ಸಿಎಂಪಿ ಎಂದು ಕುಟ್ಟಿ, ಎಂಟರ್ ಒತ್ತಿದ. ಪರದೆಯ ಮೇಲೆ ಏನೂ ಬರಲಿಲ್ಲ. ಕರ್ಸರ್ ಮಾತ್ರ ಮಿಣುಕುತ್ತಿತ್ತು.